ಮೇಡಂ ಜೋಡಿ ಬಂದಾಕಿ

ಬಾಡಿಗೆ ಮನೆ ಕೇಳುವುದು ನನಗೆ ಹೊಸದಲ್ಲ. ಅದೂ ಒಂದು ದುಡಿಮೆ. ಕೂಲಿ ಇಲ್ಲದ ದುಡಿಮೆ. ಬಿಸಿಲಲ್ಲಿ ಓಣಿ ಓಣಿ ತಿರುಗಬೇಕು. ಬಾಗಿಲು ತೆರೆದ ಕೂಡಲೇ ನಗಬೇಕು. ಹೊಸ್ತಿಲಾಚೆ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಮೊದಲು ಮನೆಯಲ್ಲಿ ಎಷ್ಟು ಮಂದಿ ಅಂತ ಕೇಳುತ್ತಾರೆ. ಆಮೇಲೆ ಏನು ಕೆಲಸ ಅಂತ. ಆಮೇಲೆ ಈಗಷ್ಟೇ ನೆನಪಾದವರ ಹಾಗೆ, "ನಿಮ್ಮ ಮನಿದೇವ್ರು ಯಾವುದ್ರಿ?" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಜಾತಿಯನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಅಷ್ಟು ಮರ್ಯಾದಸ್ಥರು. ದೇವರನ್ನು ಕೇಳುತ್ತಾರೆ. ದೇವರಿಂದ ತಿಳಿಯದಿದ್ದರೆ ಓಣಿಯನ್ನು ಕೇಳುತ್ತಾರೆ. ಓಣಿ ಹೇಳಿದ ಮೇಲೆ ಮನೆ ಖಾಲಿ ಇರುವುದಿಲ್ಲ. ನಿನ್ನೆಯೇ ಯಾರೋ ಬಂದು ಮಾತಾಡಿ ಹೋಗಿರುತ್ತಾರೆ.

ನನ್ನ ಹೆಸರು ಪೂರ್ಣಿಮಾ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿಕೊಂಡು ಜಮಖಂಡಿಯ ಒಂದು ಟ್ಯೂಷನ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಊರು ಕೃಷ್ಣಾ ಹೊಳೆಯ ದಂಡೆಗಿದೆ. ಹೊಳೆ ಏರಿ ಬಂದ ವರ್ಷ ಕೇರಿಯ ಮಣ್ಣಿನ ಗೋಡೆಗಳೆಲ್ಲ ಕುಸಿದು ಕೂತವು. ನಮ್ಮದೂ ಕೂತಿತು. ಅವತ್ತಿನಿಂದ ನಾನು, ನಮ್ಮವ್ವ ಅನಸವ್ವ, ಇಬ್ಬರೂ ಊರ ಹೊರಗಿನ ತಗಡಿನ ಶೆಡ್ಡಿನಲ್ಲಿದ್ದೇವೆ. ಸ್ವಲ್ಪ ದಿನದ ಮಟ್ಟಿಗೆ ಅಂದಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಅವ್ವ ಕಂಡಕಿ ಸುತ್ತುತ್ತಾಳೆ. ಕಂಡಕಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಕಡ್ಡಿ. ಬನಹಟ್ಟಿಯಿಂದ ಟೆಂಪೊದಲ್ಲಿ ನೂಲು ಬರುತ್ತದೆ, ಸುತ್ತಿದ ಕಂಡಕಿ ಅದೇ ಟೆಂಪೊದಲ್ಲಿ ಅಲ್ಲಿಯ ಪಾವರ್‌ಲೂಮುಗಳಿಗೆ ಹೋಗುತ್ತದೆ. ಬೆಳಿಗ್ಗೆ ರಾಟಿಯ ಮುಂದೆ ಕೂತರೆ ಮಧ್ಯಾಹ್ನಕ್ಕೆ ಅವ್ವನ ಮೊಣಕಾಲು ಬಿಚ್ಚುವುದಿಲ್ಲ. ಎರಡೂ ಕೈಯಿಂದ ಕಾಲನ್ನು ಹಿಡಿದು ನೀಡಿಕೊಳ್ಳುತ್ತಾಳೆ. ಎಳೆ ಬೆರಳನ್ನು ಕೊಯ್ಯುತ್ತದೆ. ಗೀರಿನ ಮೇಲೆ ಗೀರು ಬಿದ್ದು ಅವಳ ತೋರುಬೆರಳು ಒಣಗಿದ ಕಟ್ಟಿಗೆಯ ಹಾಗೆ ಆಗಿದೆ. ನೂಲಿನ ಧೂಳು ಮೂಗಿನೊಳಗೆ ಹೋಗಿ ಎದೆಯಲ್ಲಿ ಕೂತಿದೆ. ಬೇಸಿಗೆಯಲ್ಲಿ ತಗಡು ಕಾದು, ಒಳಗೆ ಗಾಳಿ ಆಡದೆ, ಕಳೆದ ವರ್ಷ ಒಂದು ಮಧ್ಯಾಹ್ನ ಅವ್ವ ರಾಟಿಯ ಮೇಲೆ ಮುಖವಿಟ್ಟು ಬಿದ್ದಳು. ದವಾಖಾನೆಯ ಡಾಕ್ಟರು ಹೇಳಿದ್ದು ಒಂದೇ ಮಾತು. ಮುಂದಿನ ಬೇಸಿಗೆಗೆ ಈಕೆಯನ್ನು ತಗಡಿನ ಕೆಳಗೆ ಇಡಬೇಡ.

ಆ ಬೇಸಿಗೆ ಬಂದಿತ್ತು. ಜಮಖಂಡಿಯಲ್ಲಿ ನಾನು ತಟ್ಟದ ಬಾಗಿಲು ಉಳಿದಿರಲಿಲ್ಲ. ಆಗ ಬಂದವಳು ಇನೆಸ್.

ಇನೆಸ್ ಪೋರ್ಚುಗಲ್ ದೇಶದವಳು. ಅಲ್ಲಿ ಅವಳಿಗೆ ನೇಯ್ಗೆ ಕಲಿಸುವ ಕೆಲಸ. ರಬಕವಿಯಲ್ಲಿ ಇನ್ನೂ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗ ನಡೆಸುತ್ತಿದ್ದ ಮುದಕಪ್ಪ ಅನ್ನುವ ಅಜ್ಜನ ಹತ್ತಿರ ಮೂರು ತಿಂಗಳು ಕೂತು ಸೀರೆಯ ನೇಯ್ಗೆ ಕಲಿಯಬೇಕು ಅಂತ ಬಂದಿದ್ದಳು. ಮುದಕಪ್ಪನಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ನನ್ನ ಹಳೆಯ ಮಾಸ್ತರರೊಬ್ಬರು ನನ್ನನ್ನು ತೋರಿಸಿದರು. ಹೀಗೆ ನಾನು ಅವರಿಬ್ಬರ ನಡುವಿನ ಬಾಯಿಯಾದೆ. ಆದರೆ ಬಾಯಿಗೆ ಕೆಲಸ ಶುರುವಾಗುವ ಮೊದಲು ಕಾಲಿಗೆ ಶುರುವಾಯಿತು. ಅವಳಿಗೆ ಇರಲು ಮನೆ ಬೇಕಿತ್ತು.

ಲಾಡ್ಜಿನವರು ಪಾಸ್‌ಪೋರ್ಟನ್ನು ಮುಟ್ಟಲೂ ಇಲ್ಲ. ಫಾರಿನ್‌ನವರನ್ನು ಇಟ್ಟುಕೊಂಡರೆ ಪೊಲೀಸರಿಗೆ ತಿಳಿಸಬೇಕು, ಆ ಉಸಾಬರಿ ಬೇಡ ಅಂದರು. ಮನೆಗಳನ್ನು ಕೇಳತೊಡಗಿದೆವು. ರಬಕವಿಯ ಒಂದು ಮನೆಯಲ್ಲಿ ಮಾಲಕಿ ಬಾಗಿಲಿಗೆ ಅಡ್ಡ ನಿಂತು ಇನೆಸಳನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು.

"ಇಕಿ ಗಂಡ ಎಲ್ಲದಾನ?"

"ಮದಿವಿ ಆಗಿಲ್ರಿ."

"ಇಷ್ಟ ವಯಸ್ಸಾದ್ರೂ? ಮತ್ತ ಒಬ್ಬಾಕೀನ ಬಂದಾಳ?"

"ನೇಗಿ ಕಲ್ಯಾಕ ಬಂದಾರ್ರಿ."

"ನೇಗಿ ಬಿಟ್ಟು ನಮ್ಮ ಹುಡುಗೂರು ಪುಣೇಕ್ಕ ಹೊಂಟಾವ. ಇಕಿ ಅಲ್ಲಿಂದ ಇಲ್ಲಿಗೆ ಕಲ್ಯಾಕ ಬಂದಾಳ? ಬ್ಯಾರೆ ಏನರ ಇದ್ದೀತು ಬಿಡ. ನಮಗ ಬ್ಯಾಡ."

ಇನೆಸ್ ಕೇಳಿದಳು, ಏನಂದರು? ಮನೆ ಖಾಲಿ ಇಲ್ಲವಂತೆ ಅಂದೆ. ಮಾತು ದಾಟಿಸುವವಳಿಗೆ ಇಷ್ಟು ಸ್ವಾತಂತ್ರ್ಯ ಇರುತ್ತದೆ.

ಹೀಗೆ ಸುಮಾರು ದಿನ ಹೋಯಿತು. ಒಬ್ಬರು ಮಾಂಸ ತಿನ್ನುತ್ತಾಳೋ ಅಂದರು. ಒಬ್ಬರು ಸಿಗರೇಟು ಸೇದುತ್ತಾಳೋ ಅಂದರು. ಒಬ್ಬ ಮುದುಕ ಮನೆ ಕೊಡುತ್ತೇನೆ ಅಂದ, ಆದರೆ ಅವನು ಇನೆಸಳ ಮುಖ ನೋಡುತ್ತಿರಲಿಲ್ಲ, ಕುತ್ತಿಗೆಯ ಕೆಳಗೆ ನೋಡುತ್ತಿದ್ದ. ಅಲ್ಲಿಂದ ನಾನೇ ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಬನಹಟ್ಟಿಯ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಇನೆಸ್ ಚಪ್ಪಲಿ ಕಳಚಿದಳು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು. ಅವಳು ಅಳತೊಡಗಿದಳು. ಸದ್ದಿಲ್ಲದೆ, ಚಹಾದ ಕಪ್ಪನ್ನು ಹಿಡಿದುಕೊಂಡೇ ಅತ್ತಳು.

"ನಾನು ಏನು ತಪ್ಪು ಮಾಡಿದ್ದೇನೆ? ಯಾರೂ ನನ್ನನ್ನು ಮನುಷ್ಯಳ ಹಾಗೆ ನೋಡುವುದಿಲ್ಲ" ಅಂದಳು.

ನನಗೆ ಕನಿಕರ ಬರಬೇಕಿತ್ತು. ಸಿಟ್ಟು ಬಂತು. ಅವಳ ಮೇಲೂ ಅಲ್ಲ, ಯಾರ ಮೇಲೂ ಅಲ್ಲ, ಬರಿ ಸಿಟ್ಟು. ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನೀನು ಈ ವಾರ ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ನಿನಗೆ ಈ ಊರಲ್ಲಿ ಮನೆ ಇಲ್ಲ. ನನಗೆ ನಮ್ಮ ಊರಲ್ಲೇ ಇಲ್ಲ. ತಗಡಿನ ವಿಷಯ ಹೇಳಿದೆ. ಅವ್ವ ಬಿದ್ದದ್ದನ್ನು ಹೇಳಿದೆ. ಜಾತಿ ಅನ್ನುವುದನ್ನು ಅವಳಿಗೆ ಅರ್ಥ ಮಾಡಿಸಲು ಹೋದೆ. ಅವಳು ಪುಸ್ತಕದಲ್ಲಿ ಓದಿದ್ದಳಂತೆ, ಈಗೆಲ್ಲ ಹೋಗಿದೆ ಅಂದುಕೊಂಡಿದ್ದಳಂತೆ.

ಕಣ್ಣೊರೆಸಿಕೊಂಡು ಇನೆಸ್ ಅಂದಳು, "ಹಾಗಾದರೆ ಎರಡು ಕೋಣೆಯ ಮನೆ ಹುಡುಕೋಣ. ಒಂದರಲ್ಲಿ ನಾನು. ಇನ್ನೊಂದರಲ್ಲಿ ನೀನು, ನಿನ್ನ ಅಮ್ಮ. ಮೂರು ತಿಂಗಳು."

ಮೂರೇ ತಿಂಗಳು. ಆದರೆ ಆ ಮೂರೂ ಬೇಸಿಗೆಯ ತಿಂಗಳು. ಅಷ್ಟಾದರೆ ಅವ್ವ ಉಳಿದಾಳು ಅಂದುಕೊಂಡೆ.

ಎರಡು ದಿನದ ಮೇಲೆ ಆ ಮನೆ ಸಿಕ್ಕಿತು. ಬನಹಟ್ಟಿಯ ಪರಮಾನಂದ ಅನ್ನುವವರದ್ದು. ಕೆಳಗೆ ಪಾವರ್‌ಲೂಮಿನ ಶೆಡ್ಡು, ಪಕ್ಕದಲ್ಲಿ ಅವರ ಮನೆ, ಶೆಡ್ಡಿನ ಮೇಲೆ ಎರಡು ಕೋಣೆ. ಪರಮಾನಂದರು ಸೀರೆ ವ್ಯಾಪಾರಕ್ಕೆ ಊರೂರು ತಿರುಗಿದವರು, ಬಿಳಿ ಚರ್ಮ ಕಂಡು ಹೆದರುವವರಲ್ಲ. ಬಾಗಿಲಿಗೇ ಬಂದು ಕೈ ಮುಗಿದರು.

"ಬರ್ರಿ ಮೇಡಂ, ಬರ್ರಿ. ಅತಿಥಿ ಅಂದ್ರ ದೇವ್ರು."

ಒಳಗೆ ಕರೆದರು. ಕುರ್ಚಿ ಹಾಕಿದರು. ನನಗೂ ಹಾಕಿದರು. ಅವರ ಮಗಳು ಶೀತಲ್ ಇಂಜಿನಿಯರಿಂಗ್ ಓದುವ ಹುಡುಗಿ, ತಂಬಿಗೆಯಲ್ಲಿ ನೀರು ತಂದಳು. ಇನೆಸ್ ತಂಬಿಗೆಯನ್ನು ಎತ್ತಿ ಕುಡಿಯದೆ ತುಟಿಗೆ ಹಚ್ಚಿ ಕುಡಿದಳು. ಎಲ್ಲರೂ ನಕ್ಕರು. "ಪಾಪ, ಗೊತ್ತಾಗೂದಿಲ್ಲ ಅವರಿಗೆ" ಅಂದರು. ಆ ಎಂಜಲು ತಂಬಿಗೆಯನ್ನು ಶೀತಲ್ ಸುಮ್ಮನೆ ಒಳಗೆ ಒಯ್ದಳು. ನಾನು ಎತ್ತಿ ಕುಡಿದೆ. ಗಂಟಲು ನೋಯುವಷ್ಟು ಎತ್ತರಕ್ಕೆ ಎತ್ತಿದೆ.

ಪರಮಾನಂದರ ತಾಯಿ ಸಿದ್ದಕ್ಕ ಗೋಡೆಗೆ ಆತು ಕೂತಿದ್ದಳು. ಹಲ್ಲಿಲ್ಲದ ಬಾಯಿ, ಚುರುಕು ಕಣ್ಣು. "ಇಕಿ ಮನಿದೇವ್ರು ಯಾವುದು ಕೇಳ" ಅಂದಳು ನನಗೆ.

ಕೇಳಿದೆ. ಇನೆಸ್ ತನ್ನ ಅಜ್ಜಿ ಸಂತ ಅಂತೋನಿಗೆ ದೀಪ ಹಚ್ಚುತ್ತಿದ್ದಳು ಅಂದಳು. ಅದನ್ನೇ ಹೇಳಿದೆ. ಸಿದ್ದಕ್ಕನ ಮುಖ ಅರಳಿತು.

"ದೀಪ ಹಚ್ಚತಾರಂದ್ರ ದೇವ್ರು ದಿಂಡ್ರು ಇದ್ದ ಮಂದೀನ ಅದಾರ ತಗೋ. ಇರ್ಲಿ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳುತ್ತಾರೆ ಅಂತ ಕಾದೆ. ಪರಮಾನಂದರು ನನ್ನ ಕಡೆ ನೋಡಿ, "ನೀವು ಬೆಂಗಳೂರ ಕಡಿಯವ್ರೇನ್ರಿ? ಇಂಗ್ಲಿಷ್ ಭಾರಿ ಮಾತಾಡ್ತೀರಿ" ಅಂದರು. ಇಲ್ಲ, ಇಲ್ಲೇ ಜಮಖಂಡಿ ತಾಲೂಕು ಅಂದೆ. "ಮೇಡಂ ಜೋಡಿ ನಾನೂ ಇರ್ತೇನ್ರಿ. ನಮ್ಮವ್ವನೂ ಬರ್ತಾಳ" ಅಂದೆ. "ಬರ್ಲಿ ಬಿಡ್ರಿ, ಮನಿ ತುಂಬ ಮಂದಿ ಇದ್ರ ಛಲೋ" ಅಂದರು. ಬಿಳಿಯವಳ ಪಕ್ಕ ನಿಂತು ಇಂಗ್ಲಿಷ್ ಆಡುವವಳು ಕೇರಿಯವಳಾಗಿರಬಹುದು ಅನ್ನುವುದು ಅವರ ತಲೆಗೇ ಹೋಗಲಿಲ್ಲ. ನಾನೇ ಮೇಲೆ ಬಿದ್ದು ಹೇಳಬೇಕಿತ್ತೇ? ಯಾಕೆ ಹೇಳಲಿ? ಅವರು ತಮ್ಮ ಜಾತಿಯನ್ನು ನನಗೆ ಹೇಳಿಲ್ಲವಲ್ಲ.

ಇನೆಸ್ ಜೊತೆ ಫೋಟೊ ತೆಗೆಸಿಕೊಂಡು ಪರಮಾನಂದರು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರು. ಪೊಲೀಸ್ ಠಾಣೆಗೂ ತಾವೇ ಹೋಗಿ ತಿಳಿಸಿ ಬಂದರು.

ಆ ಮನೆಯಲ್ಲಿ ನಾನು ಕಳೆದ ದಿನಗಳು ಚೆನ್ನಾಗಿದ್ದವು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿದ್ದವು. ನಳ ಮನೆಯೊಳಗೇ ಇತ್ತು. ತಿರುಗಿಸಿದರೆ ನೀರು. ನೆಲ ತಣ್ಣಗಿತ್ತು. ಮಧ್ಯಾಹ್ನ ಬಂದು ಬರಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿದರೆ ಕೆಳಗಿನ ಮಗ್ಗಗಳ ಖಟಪಟ ಬೆನ್ನೊಳಗೆ ಬರುತ್ತಿತ್ತು. ಉಳಿದ ಹೊತ್ತೆಲ್ಲ ಮುದಕಪ್ಪನ ಮಗ್ಗದ ಪಕ್ಕ ಕೂತು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೊರುತ್ತಿದ್ದೆ. ಎಳೆ ಹರಿದರೆ ತುದಿಯನ್ನು ನಾಲಿಗೆಗೆ ಹಚ್ಚಿ ಹಸಿ ಮಾಡಿ ಹೊಸೆದು ಕೂಡಿಸಬೇಕು ಅಂತ ಮುದಕಪ್ಪ ತೋರಿಸಿದ. ಇನೆಸ್ ಕಲಿತಳು. ನಾನು ಕಲಿಯಬೇಕಾಗಿರಲಿಲ್ಲ, ನಮ್ಮವ್ವ ಬದುಕಿಡೀ ಮಾಡಿದ್ದು ಅದನ್ನೇ.

ಸಂಜೆ ಬಂದರೆ ಸಿದ್ದಕ್ಕ ಕೆಳಗಿನಿಂದ ಕೂಗುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯೆ ಕೊಡುತ್ತಿದ್ದಳು. ಒಮ್ಮೆ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ಎಣ್ಣೆ ತಿಕ್ಕಲೇನು ಅಂದೆ. ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಾಲು ಚಾಚಿದಳು. ಆಮೇಲೆ ಅದು ದಿನದ ಕೆಲಸವಾಯಿತು. ನನ್ನವ್ವನ ಮೊಣಕಾಲಿನ ಹಾಗೆಯೇ ಅದೂ ಊದಿತ್ತು. "ನಿನ್ನ ಕೈಯಾಗ ಹದಾ ಐತಿ ನನ ಮಗಳ. ಯಾರ ಹೊಟ್ಟ್ಯಾಗ ಹುಟ್ಟಿದಿಯೋ ಏನೋ, ಪುಣ್ಯಾ ಮಾಡ್ಯಾಳ ಆಕಿ" ಅನ್ನುತ್ತಿದ್ದಳು. ನಾನು ತಿಕ್ಕುತ್ತಲೇ ಇದ್ದೆ.

ಅವ್ವನಿಗೆ ಫೋನು ಮಾಡಿ, ಸುತ್ತುವುದಿದ್ದ ನೂಲು ಮುಗಿಸಿ ಬಂದುಬಿಡು ಅಂದೆ. ಬೇಡ ಅಂದಳು. ಯಾರ ಮನೆ, ಏನು, ಎತ್ತ ಅಂದಳು. ಮೇಡಂ ಹಿಡಿದ ಮನೆ, ಯಾರೂ ಏನೂ ಅನ್ನುವುದಿಲ್ಲ ಅಂದೆ. ತಗಡು ಕಾಯತೊಡಗಿತ್ತು. ಒಪ್ಪಿದಳು.

ಅವ್ವ ಬರುವ ದಿನ ಇನೆಸಳನ್ನು ರಬಕವಿಯಲ್ಲಿ ಬಿಟ್ಟು ಬಂದು, ಮಧ್ಯಾಹ್ನ ನಾನು ಮೇಲಿನ ಕೋಣೆ ಒರೆಸುತ್ತಿದ್ದೆ. ಅವ್ವನಿಗೆ ಕಿಟಕಿಯ ಪಕ್ಕ ಹಾಸಿಗೆ ಹಾಕಬೇಕು ಅಂತ ಟ್ರಂಕನ್ನು ಸರಿಸುತ್ತಿದ್ದೆ. ಕೆಳಗೆ ಸಿದ್ದಕ್ಕನ ದನಿ ಕೇಳಿತು. "ಯಾರವಾ ಅದು?" ಕಿಟಕಿಯಿಂದ ಇಣುಕಿದೆ.

ಅವ್ವ ಬಂದಿದ್ದಳು. ಮನೆಯ ಮುಂದಿನ ಕಟ್ಟೆಯ ಹತ್ತಿರ ಬಂದಿರಲಿಲ್ಲ. ರಸ್ತೆಯ ಆ ಅಂಚಿಗೆ, ಗಟಾರದ ಆಚೆ ನಿಂತಿದ್ದಳು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲು. ಸೆರಗನ್ನು ತಲೆ ತುಂಬ ಹೊದ್ದು, ಮೈಯನ್ನು ಒಂದು ಮಗ್ಗುಲಿಗೆ ಕುಗ್ಗಿಸಿ, ಯಾರಾದರೂ ಕರೆದಾರು ಅಂತ ನೆಲ ನೋಡುತ್ತ ನಿಂತಿದ್ದಳು. ದೊಡ್ಡ ಮನೆಗಳ ಮುಂದೆ ಅವಳು ಯಾವಾಗಲೂ ನಿಲ್ಲುವುದು ಹಾಗೆಯೇ. ಅವಳ ಅವ್ವನೂ ಹಾಗೆಯೇ ನಿಂತಿದ್ದಳು. ನಾನು ಫೋನಿನಲ್ಲಿ ಎಲ್ಲ ಹೇಳಿದ್ದೆ, ಹಾಗೆ ನಿಲ್ಲಬೇಡ ಅಂತ ಹೇಳಿರಲಿಲ್ಲ. ಹೇಳಿದ್ದರೂ ಅವಳ ಕಾಲು ಕೇಳುತ್ತಿತ್ತೋ ಇಲ್ಲವೋ.

ಸಿದ್ದಕ್ಕ ಏನನ್ನೂ ಕೇಳಬೇಕಾಗಲಿಲ್ಲ. ದೇವರನ್ನೂ ಕೇಳಲಿಲ್ಲ, ಓಣಿಯನ್ನೂ ಕೇಳಲಿಲ್ಲ. ಆ ನಿಲುವನ್ನು ಎಂಬತ್ತು ವರ್ಷದಿಂದ ನೋಡಿದ ಕಣ್ಣು ಅದು.

"ಯಾರನ್ನ ಕೇಳ್ಕೊಂಡ ಬಂದಿ?"

"ನಮ್ಮ ಪೂರ್ಣಿ ಇಲ್ಲೆ ಅದಾಳಂತ್ರಿ ಅಮ್ಮಾರ. ಮಗಳ್ರಿ ನನಗ."

ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಸಿದ್ದಕ್ಕ ತನ್ನ ಮೊಣಕಾಲನ್ನು ನೋಡಿಕೊಳ್ಳುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದಳು.

"ಯಾಕ ಅಲ್ಲಿ ನಿಂತಿ ಬೇ? ಬಾ ಒಳಗ" ಅಂದೆ ಅವ್ವನಿಗೆ. ಅವ್ವ ಕದಲಲಿಲ್ಲ. ಆಗಲೇ ಶೆಡ್ಡಿನಿಂದ ಪರಮಾನಂದರು ಬಂದಿದ್ದರು. ಒಳಗಿಂದ ಅವರ ತಾಯಿ ಏನೋ ಕೂಗಿ ಹೇಳಿದಳು. ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. ಮುಖದ ಬಣ್ಣ ಹೋಗಿ ಮತ್ತೆ ಬಂತು. ನಗು ಬರಿಸಿಕೊಂಡರು. ಅಲ್ಲಿಯವರೆಗೆ ನನಗೆ ನೀವು ಅನ್ನುತ್ತಿದ್ದವರು.

"ನೋಡ ತಂಗಿ, ನಂದೇನ ಇಲ್ಲ. ನಾ ಅವೆಲ್ಲಾ ನೋಡೂ ಪೈಕಿ ಅಲ್ಲ. ಆದ್ರ ನಮ್ಮವ್ವ ಹಳೇ ಮಂದಿ. ಮತ್ತ ಓಣ್ಯಾಗ ನಾಕ ಮಂದಿ ಮಾತಾಡ್ತಾರ. ಮೇಡಂ ಇರ್ಲಿ. ನೀ ಹಗಲ ಹೊತ್ತಿನ್ಯಾಗ ಬಾ, ಕೆಲಸಾ ಮಾಡ್ಕೊಂಡ ಹೋಗ. ಹಿಂದ ಮಗ್ಗದ ಕಡಿಂದ ಮೆಟ್ಟಲಾ ಅದಾವ. ಇರೂದು ಮಾತ್ರ ಬ್ಯಾಡ."

ಅದೇ ಹೊತ್ತಿಗೆ ಇನೆಸ್ ರಬಕವಿಯಿಂದ ಆಟೊದಲ್ಲಿ ಬಂದು ಇಳಿದಳು. ಅವ್ವನನ್ನು ಕಂಡು ನಕ್ಕು, ಕೈ ಮುಗಿದು, ನನ್ನ ಮುಖ ಕಂಡು ನಿಂತಳು. ಏನಾಯಿತು ಅಂದಳು.

ಪರಮಾನಂದರು ದನಿ ತಗ್ಗಿಸಿದರು. "ಮೇಡಂಗ ಬ್ಯಾರೇನೂ ಹೇಳಬ್ಯಾಡ. ನೀರಿನ ತ್ರಾಸ ಐತಿ, ಭಾಳ ಮಂದಿಗೆ ಆಗೂದಿಲ್ಲ, ಒಬ್ಬಾಕೀನ ಇರ್ಬೇಕಂತ ಹೇಳ. ಇಂಗ್ಲಿಷ್‌ನ್ಯಾಗ ಛಂದಂಗಿ ಹೇಳ."

ಒಳಗೆ ಬಚ್ಚಲಲ್ಲಿ ಸಿದ್ದಕ್ಕ ಮೈಮೇಲೆ ನೀರು ಸುರುವಿಕೊಳ್ಳುತ್ತಿದ್ದಳು. ಕೊಡಗಟ್ಟಲೆ ನೀರು ಬೀಳುವ ಸದ್ದು ಹೊರಗಿನವರೆಗೆ ಬರುತ್ತಿತ್ತು. ನಾನು ಮುಟ್ಟಿದ ಕಾಲನ್ನು ತೊಳೆಯುತ್ತಿದ್ದಳು. ನಾವೆಲ್ಲ ಅದನ್ನು ಕೇಳುತ್ತ ನಿಂತಿದ್ದೆವು.

"ನಾ ಹೇಳೂದಿಲ್ರಿ. ನೀವ ಹೇಳ್ರಿ" ಅಂದೆ.

ಅವರು ಇನೆಸಳ ಕಡೆ ತಿರುಗಿದರು. "ಮೇಡಂ... ವಾಟರ್..." ಅಂದು ನಿಂತರು. ಮಗಳನ್ನು ಕರೆದರು. ಶೀತಲ್ ಬಂದಳು. ಅಪ್ಪ ಹೇಳಿದ್ದನ್ನು ನೆಲ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದಳು, ನೀರಿನ ಸಮಸ್ಯೆ ಇದೆ ಅಂತ. ಹೇಳಿ ಒಳಗೆ ಓಡಿದಳು. ಆಮೇಲೆ ಹೊರಗೆ ಬರಲಿಲ್ಲ.

ಇನೆಸ್ ನನ್ನನ್ನು ಕೇಳಿದಳು, "ಇದು ನಿಜವಾ?"

"ಸುಳ್ಳು. ನಾನು ಕೇರಿಯವಳು ಅಂತ ಇವರಿಗೆ ಇವತ್ತು ಗೊತ್ತಾಗಿದೆ. ನನ್ನನ್ನೂ ನನ್ನ ಅವ್ವನನ್ನೂ ಹೊರಗೆ ಹಾಕುತ್ತಿದ್ದಾರೆ. ಒಳಗೆ ಕೇಳುವ ನೀರಿನ ಸದ್ದು ನನ್ನ ಕೈ ಮುಟ್ಟಿದ್ದನ್ನು ತೊಳೆಯುವ ಸದ್ದು."

ಅವಳ ಬಿಳಿ ಮುಖ ಕೆಂಪಾಯಿತು. ಇದು ನಾಚಿಕೆಗೇಡು ಅಂತ ಹೇಳು ಇವರಿಗೆ ಅಂದಳು. ಖುಷಿಯಿಂದ ಹೇಳಿದೆ. "ಮೇಡಂ ನಿಮಗ ನಾಚಿಕಿ ಇಲ್ಲೇನಂತ ಕೇಳಾಕತ್ತಾರ."

ಅಷ್ಟರಲ್ಲಿ ಸಿದ್ದಕ್ಕ ಬಾಗಿಲಿಗೆ ಬಂದಳು. ತಲೆಯಿಂದ ನೀರು ಇಳಿಯುತ್ತಿತ್ತು. ಹೊಸ ಸೀರೆ ಉಟ್ಟಿದ್ದಳು, ಕೆಳಗಿನ ಮಗ್ಗದಲ್ಲೇ ನೇಯ್ದ ಸೀರೆ. ಆ ಸೀರೆಯ ಕಡೆ ಬೆರಳು ತೋರಿಸಿದೆ.

"ಆಯಿ, ಆ ಸೀರಿ ಕಂಡಕಿ ಯಾರ ಸುತ್ತ್ಯಾರ ಗೊತ್ತೈತೇನು? ನಮ್ಮ ಕೇರಿ ಹೆಣ್ಮಕ್ಕಳು. ನಮ್ಮವ್ವ ಸುತ್ತ್ಯಾಳ. ಎಳಿ ಹರದಾಗೊಮ್ಮೆ ಬಾಯಾಗ ಹಿಡದು ಉಗುಳ ಹಚ್ಚಿ ಕೂಡಸ್ತಾಳ. ನೀ ಮೈಮ್ಯಾಲ ಸುತ್ಕೊಂಡ ನಿಂತಿದ್ದು ನಮ್ಮವ್ವನ ಎಂಜಲಾ. ಅದನ್ನ ಎಷ್ಟ ಕೊಡ ನೀರಾಗ ತೊಳೀತಿ?"

ಅವಳು ಸೀರೆಯ ಕಡೆ ನೋಡಲಿಲ್ಲ. ಸಿಟ್ಟಿಗೂ ಏಳಲಿಲ್ಲ. ಗೊತ್ತಿಲ್ಲದ ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದಳು.

"ನೂಲಿಗೆ ಮೈಲಿಗಿ ಇಲ್ಲ ತಂಗಿ. ಹಿಂದಿನಿಂದ ನಡಕೊಂಡ ಬಂದೈತಿ. ಮೈಲಿಗಿ ಇರೂದು ಮನಿಗೆ."

ಎಂ.ಎ.ಯಲ್ಲಿ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ. ನಮ್ಮ ಉಗುಳು ಬೇಕು, ಬೆರಳು ಬೇಕು, ಎದೆಗೂಡಿನ ಗಾಳಿ ಬೇಕು. ನಾವು ಬೇಡ. ಆ ಮುದುಕಿ ಸುಳ್ಳು ಹೇಳಿರಲಿಲ್ಲ, ಇದ್ದದ್ದನ್ನೇ ಹೇಳಿದ್ದಳು. ನನಗೆ ದಣಿವಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡಬೇಕು ಅನ್ನಿಸಿತು.

ಪರಮಾನಂದರ ನಗು ಮುಗಿದಿತ್ತು. "ಮೇಡಂಗೂ ಹೇಳ. ಇಷ್ಟ ಇದ್ರ ಇರ್ಲಿ, ಇಲ್ಲಾಂದ್ರ ಅವರೂ ಹೊಂಡ್ಲಿ. ಇವತ್ತ ಠಾಣೇಕ್ಕ ಹೋಗಿ, ನಮ್ಮನ್ಯಾಗ ಇಲ್ಲಂತ ಹೇಳಿ ಬರ್ತೇನಿ."

ಅದನ್ನೂ ದಾಟಿಸಿದೆ, ಒಂದಕ್ಷರ ಬಿಡದೆ. ಇನೆಸಳ ಮುಖದ ಕೆಂಪು ಇಳಿಯಿತು. ತನ್ನ ಕಾಲನ್ನು ನೋಡಿಕೊಂಡಳು. ಬೊಕ್ಕೆ ಮಾದಿತ್ತು, ಗುರುತಿತ್ತು.

"ಪೂರ್ಣಿಮಾ, ನನಗೆ ಮತ್ತೆ ಮನೆ ಹುಡುಕುವ ಶಕ್ತಿ ಇಲ್ಲ. ಪೊಲೀಸರ ತೊಂದರೆಯಾದರೆ ನನ್ನ ವೀಸಾ ಹೋಗುತ್ತದೆ. ನಾನು ಇಲ್ಲಿ ಹೊರಗಿನವಳು. ಇವರ ಪದ್ಧತಿಯ ಜೊತೆ ಜಗಳವಾಡುವ ಹಕ್ಕು ನನಗೆ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ನೀನು ಸದ್ಯಕ್ಕೆ ಹಗಲು ಬಾ. ಬೇರೆ ಮನೆ ಸಿಗುವವರೆಗೆ. ದಯವಿಟ್ಟು. ನಾನು ಇರುತ್ತೇನೆ ಅಂತ ಇವರಿಗೆ ಹೇಳು."

ಅವಳು ಕೆಟ್ಟವಳಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಚಹಾದಂಗಡಿಯಲ್ಲಿ ನನಗೊಂದು ಕೋಣೆ ಕೊಟ್ಟವಳು ಅವಳೇ. ಹೆಚ್ಚು ನೋವಾದದ್ದು ಅದಕ್ಕೇ. ಪರಮಾನಂದರು ಹೇಳಿದಾಗ ಸಿಟ್ಟು ಬಂದಿತ್ತು, ಸಿಟ್ಟಿಗೆ ಸ್ವಲ್ಪ ಬಲವಾದರೂ ಇರುತ್ತದೆ. ಇವಳು ಹೇಳಿದಾಗ ಆ ಬಲವೂ ಉಳಿಯಲಿಲ್ಲ.

"ಹಿಂದಿನ ಮೆಟ್ಟಿಲಿಂದ ಬರಬೇಕಂತೆ" ಅಂದೆ.

"ಸ್ವಲ್ಪ ದಿನದ ಮಟ್ಟಿಗೆ" ಅಂದಳು ಇನೆಸ್.

"ಏನಂದ್ರ ಮೇಡಂ? ಇರ್ತಾರಂತೇನು?" ಅಂದರು ಪರಮಾನಂದರು.

ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಒಂದು ಮಾತು. ಇರ್ತಾರಂತ್ರಿ ಅಂದರೆ ಮುಗಿಯಿತು, ಎಲ್ಲ ಸರಿಹೋಗುತ್ತಿತ್ತು. ನನ್ನನ್ನು ಹೊರಗೆ ಹಾಕಿದ ಮಾತನ್ನು ನಾನೇ ಹೊತ್ತುಕೊಂಡು ಹೋಗಿ ಮುಟ್ಟಿಸಬೇಕಿತ್ತು. ನನ್ನ ಬಾಯಿ ತೆರೆಯಲಿಲ್ಲ. ಮುನಿಸಲ್ಲ ಅದು. ಇಷ್ಟು ದಿನ ಅವರ ಮಾತು ಹೊತ್ತದ್ದು ಸಾಕಾಗಿತ್ತು.

ಮೇಲೆ ಹೋಗಿ ಹಾಸಿಗೆ ಸುತ್ತಿ ಗಂಟು ಕಟ್ಟಿದೆ. ಟ್ರಂಕಿಗೆ ಬೀಗ ಹಾಕಿ ಅಲ್ಲೇ ಬಿಟ್ಟೆ. ಗಂಟನ್ನು ತಲೆಯ ಮೇಲಿಟ್ಟುಕೊಂಡು ಮುಂದಿನ ಮೆಟ್ಟಿಲಿಂದಲೇ ಇಳಿದೆ. ಪರಮಾನಂದರು ದಾರಿ ಬಿಟ್ಟರು, ಮೈ ತಾಕದ ಹಾಗೆ.

ಅವ್ವ ಅಲ್ಲೇ ನಿಂತಿದ್ದಳು. ಕೆಮ್ಮುತ್ತಿದ್ದಳು. ಡಾಂಬರಿನ ಮೇಲೆ ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಡುತ್ತಿದ್ದಳು.

"ಚಪ್ಪಲ ಮೆಟ್ಕೋ ಮೊದ್ಲ" ಅಂದೆ.

"ನನ್ನಿಂದ ಆತು ಪೂರ್ಣಿ. ನಾ ಬರಬಾರದಿತ್ತು."

"ನಿನ್ನಿಂದ ಅಲ್ಲ ಬೇ."

"ಮತ್ತ ಶೆಡ್ಡಿಗೇ ಹೋಗೂಣು ನಡಿ. ಒಂದ ಬ್ಯಾಸಗಿ. ಹೆಂಗರ ಕಳೀತೈತಿ."

ಅವಳ ಉಸಿರು ಎದೆಯಲ್ಲಿ ಸಿಳ್ಳೆ ಹಾಕುತ್ತಿತ್ತು. ಬೇಸಿಗೆ ಇನ್ನೂ ಅರ್ಧವೂ ಆಗಿರಲಿಲ್ಲ. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು, ಬಹಳ ಹೊತ್ತಿನಿಂದ ನಿಂತಿದ್ದರು. ಎದುರಿನ ಸಾಲಿನ ಎರಡನೆಯ ಮನೆಯ ಗೋಡೆಗೆ ಸುಣ್ಣದಲ್ಲಿ ಬರೆದಿತ್ತು, ಮನೆ ಬಾಡಿಗೆಗೆ ಇದೆ ಅಂತ. ಇಷ್ಟು ದಿನ ಕಿಟಕಿಯಿಂದ ನೋಡುತ್ತಿದ್ದೆ, ಓದಿರಲಿಲ್ಲ. ನಾನು ಆ ಬಾಗಿಲಿಗೆ ನಡೆದೆ.

"ಬ್ಯಾಡ ಪೂರ್ಣಿ" ಅಂದಳು ಅವ್ವ. ಆದರೂ ಹಿಂದೆ ಬಂದಳು.

ಬಾಗಿಲಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು, ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಎಲ್ಲವನ್ನೂ ನೋಡಿದವಳು. ನಾನು ನಗಲಿಲ್ಲ. ಹೊಸ್ತಿಲಿಂದ ದೂರ ನಿಲ್ಲಲಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ.

"ಮನಿ ಕೇಳಾಕ ಬಂದೇವ್ರಿ ಯಕ್ಕಾರ. ನಾನು, ನಮ್ಮವ್ವ. ನಾವು ಹೊಳಿದಂಡಿ ಕೇರಿಯವ್ರು. ನನಗ ಮೇಡಂ ಇಲ್ಲ, ಯಾರೂ ಇಲ್ಲ. ಈಗ ಹೇಳ್ರಿ, ನಿಮ್ಮ ಮನಿ ಖಾಲಿ ಐತೋ ಇಲ್ಲೋ?"

ಅವಳು ಬಾಗಿಲು ಹಿಡಿದು ನಿಂತೇ ಇದ್ದಳು. ಹಾಕಲೂ ಇಲ್ಲ, ತೆರೆಯಲೂ ಇಲ್ಲ.

ಬೆನ್ನ ಹಿಂದೆ ಇನೆಸ್ ಕೂಗುತ್ತಿದ್ದಳು, ಪೂರ್ಣಿಮಾ, ಇವರು ಏನು ಹೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ ಅಂತ. ಪರಮಾನಂದರು ಕೂಗುತ್ತಿದ್ದರು, "ತಂಗಿ, ಮೇಡಂ ಏನ ಅನ್ನಾಕತ್ತಾರ, ಅಷ್ಟ ಹೇಳಿ ಹೋಗ ಬಾ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ದನಿ ಏರಿಸುತ್ತಿದ್ದರು. ನಾನು ಆ ಕಡೆ ತಿರುಗಲಿಲ್ಲ.

ಅವ್ವ ನನ್ನ ತಲೆಯ ಮೇಲಿನ ಹಾಸಿಗೆಯ ಗಂಟನ್ನು ಎರಡೂ ಕೈಯಿಂದ ಇಳಿಸಿಕೊಂಡಳು. ಆ ಹೆಂಗಸಿನ ಮುಖವನ್ನು ಒಮ್ಮೆ ನೋಡಿದಳು. ಗಂಟನ್ನು ಅವಳ ಮನೆಯ ಕಟ್ಟೆಯ ಮೇಲೆ ಇಟ್ಟಳು. ಪಕ್ಕದಲ್ಲಿ ತಾನೂ ಕೂತಳು.

"ವಿಚಾರ ಮಾಡಿ ಹೇಳ್ರಿ ನನ್ನವ್ವ" ಅಂದಳು. "ನಮಗೇನ ಅವಸರ ಇಲ್ಲ."